ಮೇಲಿನ ಎರಡು ಗುಂಡಿ

ಶ್ರೀಶನಿಗೆ ಅಂಗಿಯ ಗುಂಡಿ ಹಾಕಿಕೊಳ್ಳಲು ಬರುತ್ತಿರಲಿಲ್ಲ. ಎಂಟು ತುಂಬಿ ಒಂಬತ್ತು ನಡೆದಿತ್ತು. ಗುಂಡಿಯನ್ನು ಒಂದು ಕೈಯಲ್ಲಿ, ಕಾಜಾವನ್ನು ಇನ್ನೊಂದರಲ್ಲಿ ಹಿಡಿದು, ಎರಡನ್ನೂ ಹತ್ತಿರ ತಂದು ಅಲ್ಲಿಗೇ ನಿಂತುಬಿಡುತ್ತಿದ್ದ. ಅಷ್ಟರಲ್ಲಿ ಕೆಳಗೆ ಆಟೋದವನು ಹಾರ್ನ್ ಹೊಡೆಯುತ್ತಿದ್ದ. ತಾಯಿ ಚಾರುಲತಾ ಓಡಿ ಬಂದು ಪಟಪಟನೆ ಎಲ್ಲ ಗುಂಡಿ ಹಾಕಿ ಕಳಿಸುತ್ತಿದ್ದಳು.

ಹುಡುಗನ ಬುದ್ಧಿಯ ಬೆಳವಣಿಗೆ ವಯಸ್ಸಿಗಿಂತ ಹಿಂದೆ ಉಳಿದಿತ್ತು. ಆದರೆ ಆ ಮನೆಯಲ್ಲಿ ಯಾರೂ ಹಾಗೆ ಹೇಳುತ್ತಿರಲಿಲ್ಲ. ಅಜ್ಜಿ ಇಂದುಮತಿಬಾಯಿ, "ನಮ್ಮ ಶ್ರೀಶ ಸ್ವಲ್ಪ ಸಾವಕಾಶ" ಎನ್ನುತ್ತಿದ್ದರು. ಅದಕ್ಕಿಂತ ಕಠಿಣವಾದದ್ದನ್ನು ಹೇಳಬೇಕಾಗಿ ಬಂದರೆ ಎಲ್ಲರೂ ಹಿಂದಿಗೆ ಹೊರಳುತ್ತಿದ್ದರು. ಡಾಕ್ಟರು ಏನಂದರು, ಶಾಲೆಯವರು ಯಾಕೆ ಕರೆಸಿದ್ದರು, ಯಾರ ಹುಟ್ಟುಹಬ್ಬಕ್ಕೆ ಅವನನ್ನು ಕರೆಯಲಿಲ್ಲ, ಇವೆಲ್ಲ ಊಟದ ತಟ್ಟೆಯ ಮುಂದೆ ಹಿಂದಿಯಲ್ಲಿ ನಡೆಯುತ್ತಿದ್ದವು. ಧಾರವಾಡ ಬಿಟ್ಟು ಬಂದ ಇಂದುಮತಿಬಾಯಿಯವರ ಹಿಂದಿ ತರಕಾರಿ ಗಾಡಿಯವನ ಜೊತೆ ಚೌಕಾಸಿ ಮಾಡಲು ಸಾಕಾಗುವಷ್ಟೇ ಇತ್ತು. ಆದರೂ ಅವರೂ ನಿಷ್ಠೆಯಿಂದ ಹಿಂದಿಯಲ್ಲೇ ನಿಟ್ಟುಸಿರು ಬಿಡುತ್ತಿದ್ದರು. ಹುಡುಗನಿಗೆ ಕನ್ನಡ ಬಿಟ್ಟು ಬೇರೆ ತಿಳಿಯುವುದಿಲ್ಲ ಎಂಬುದು ಎಲ್ಲರ ನಂಬಿಕೆ. ಅವನು ಹಿಂದಿಯಲ್ಲಿ ಬಾಯಿ ಬಿಟ್ಟದ್ದನ್ನು ಯಾರೂ ಕೇಳಿರಲಿಲ್ಲ.

ತಂದೆ ಗಿರಿಧರ ಕೇಂದ್ರ ಸರಕಾರದ ಲೆಕ್ಕಪತ್ರ ಇಲಾಖೆಯ ನೌಕರ. ವರ್ಗವಾದಲ್ಲಿಗೆ ಗಂಟುಮೂಟೆ ಕಟ್ಟಿಕೊಂಡು ಹೋಗುವ ಸಂಸಾರ. ರಾಯಪುರದಲ್ಲಿ ಶ್ರೀಶ ಒಂದು ಕಡೆ ಕೂತು ಊಟ ಮಾಡುವುದನ್ನು ಕಲಿತಿದ್ದ. ಭೋಪಾಳಕ್ಕೆ ಹೋದ ಮೇಲೆ ಹೊಸ ಮನೆ, ಹೊಸ ಶಾಲೆ, ಹೊಸ ಮುಖಗಳ ನಡುವೆ ಅದು ಮರೆತುಹೋಯಿತು. ಭೋಪಾಳದಲ್ಲಿ ಮತ್ತೆ ಕಲಿತ. ನಾಗಪುರಕ್ಕೆ ಬಂದ ಮೇಲೆ ಮತ್ತೆ ಮರೆತ. ಪ್ರತಿ ವರ್ಗಾವಣೆಯೂ ಅವನನ್ನು ಹಲಗೆ ಒರೆಸಿದಂತೆ ಒರೆಸಿಬಿಡುತ್ತಿತ್ತು.

ನಾಗಪುರದಲ್ಲಿ ನೇಹಾ ಮೇಡಂ ಸಿಕ್ಕಳು. ಔಷಧಿ ಅಂಗಡಿಯ ಮಾಳಿಗೆಯ ಮೇಲೆ ಎರಡು ಕೋಣೆಗಳಲ್ಲಿ ಇಂಥ ಮಕ್ಕಳಿಗೆ ಕಲಿಸುವ ಮರಾಠಿ ಹುಡುಗಿ. ಶಾಲೆ ಬಿಟ್ಟ ಮೇಲೆ ಶ್ರೀಶ ಅಲ್ಲಿಗೆ ಹೋಗುತ್ತಿದ್ದ. ಒಂದು ವರ್ಷ ಅವಳು ಅವನಿಗೆ ಅಕ್ಷರ ಕಲಿಸಲಿಲ್ಲ, ಲೆಕ್ಕ ಕಲಿಸಲಿಲ್ಲ. ಚೀಲವನ್ನು ತನ್ನ ಗೂಟಕ್ಕೇ ಸಿಕ್ಕಿಸುವುದು, ಲೋಟಕ್ಕೆ ನೀರು ಬಗ್ಗಿಸಿಕೊಳ್ಳುವುದು, ಸರದಿ ಬರುವ ತನಕ ಕಾಯುವುದು, ಇಷ್ಟನ್ನು ಮಾತಿಗಿಂತ ಕೈ ಹಿಡಿದು ಮಾಡಿಸಿ ಕಲಿಸಿದಳು. ಮೊದಲು ಮರದ ಚೌಕಟ್ಟಿಗೆ ಬಿಗಿದ ಬಟ್ಟೆಯ ಮೇಲೆ ಬಿಲ್ಲೆಯಷ್ಟು ದೊಡ್ಡ ಗುಂಡಿ, ಆಮೇಲೆ ಅದಕ್ಕಿಂತ ಚಿಕ್ಕದು, ಆಮೇಲೆ ಅಂಗಿ. ದೀಪಾವಳಿಯ ಮುಂಚೆ ಒಂದು ಮುಂಜಾನೆ ಚಾರುಲತಾ ಎಂದಿನಂತೆ ಓಡಿ ಬಂದಾಗ ಮೇಲಿನ ಎರಡು ಗುಂಡಿ ಹಾಕಿಯಾಗಿತ್ತು. ಕೆಳಗೆ ಹಾರ್ನ್ ಹೊಡೆಯುತ್ತಲೇ ಇತ್ತು. ಅವಳು ಆ ಎರಡನ್ನೂ ಬೆರಳಿನಿಂದ ಮುಟ್ಟಿ ನೋಡಿದಳು.

ಬರುವ ಬೇಸಿಗೆಗೆ ಗಿರಿಧರನ ವರ್ಗಾವಣೆಯ ಸರದಿ ಇತ್ತು. ಗುವಾಹಾಟಿ ಎಂದು ಕಚೇರಿಯಲ್ಲಿ ಮಾತು ಹಬ್ಬಿತ್ತು.

"ಶ್ರೀಶನ ಯುಡಿಐಡಿ ಕಾರ್ಡ್ ಆಗಿದೆಯಾ?" ಎಂದು ನೇಹಾ ಚಾರುಲತಾಳನ್ನು ಕೇಳಿದ್ದು ಗುವಾಹಾಟಿಯ ಸುದ್ದಿ ತಿಳಿದ ದಿನವೇ. ಅವರಿಬ್ಬರ ಮಾತು ನಡೆಯುತ್ತಿದ್ದುದು ಹಿಂದಿಯಲ್ಲಿ.

"ಅದೇನು?"

"ವಿಕಲಾಂಗರಿಗೆ ಸರಕಾರ ಕೊಡುವ ಗುರುತಿನ ಕಾರ್ಡು, ದೀದೀ. ಆಧಾರ್, ಒಂದು ಫೋಟೋ, ಮನೆ ವಿಳಾಸದ ಪುರಾವೆ, ಇಷ್ಟಿದ್ದರೆ ಮೊಬೈಲಿನಲ್ಲೇ ಅರ್ಜಿ ಹಾಕಬಹುದು. ಯಾವ ದವಾಖಾನೆ ಎಂದು ಆರಿಸಿ, ಅವರು ಕರೆದ ದಿನ ಹೋಗಿ ತೋರಿಸಬೇಕು. ಶುಲ್ಕ ಇಲ್ಲ. ಮಾಡಿಸಿಕೊಡುತ್ತೇನೆ ಅಂತ ಯಾರಾದರೂ ಬಂದರೆ ಓಡಿಸಿಬಿಡಿ."

"ಅದರಿಂದ ಏನಾಗ್ತದೆ?"

"ನಿರಾಮಯ ಅಂತ ವಿಮೆ ಇದೆ, ನನ್ನ ಫೀಸೂ ಅದರಲ್ಲಿ ಹೋಗುತ್ತದೆ. ರೈಲಿನಲ್ಲಿ ಅವನಿಗೂ ಜೊತೆಗಿರುವವರಿಗೂ ರಿಯಾಯಿತಿ. ಅವನ ಪಪ್ಪಾಗೆ ತೆರಿಗೆಯಲ್ಲಿ ಕಡಿತ. ಅಂದ ಹಾಗೆ ಅವರು ಕೇಂದ್ರ ಸರಕಾರದವರಲ್ಲವಾ? ಇಂಥ ಮಗುವನ್ನು ನೋಡಿಕೊಳ್ಳುವ ನೌಕರನನ್ನು ಮಾಮೂಲಿ ವರ್ಗಾವಣೆಯಿಂದ ಬಿಡಬೇಕು ಅಂತ ಆದೇಶವೇ ಇದೆ. ಸರ್ಟಿಫಿಕೇಟ್ ಲಗತ್ತಿಸಿ ಅರ್ಜಿ ಕೊಡಬೇಕು, ಅಷ್ಟೆ."

ಚಾರುಲತಾ ಕೊನೆಯದನ್ನು ಬಿಟ್ಟು ಬೇರೇನೂ ಕೇಳಿಸಿಕೊಳ್ಳಲಿಲ್ಲ. ಸರ್ಟಿಫಿಕೇಟಿನಲ್ಲಿ ಏನು ಬರೆದಿರಬೇಕು ಎಂದು ಕೇಳಲು ಹೊಳೆಯಲೂ ಇಲ್ಲ.

ಮನೆಯಲ್ಲಿ ಇಂದುಮತಿಬಾಯಿ ಬಟಾಟೆ ಹೆಚ್ಚುತ್ತಿದ್ದ ಈಳಿಗೆಯನ್ನು ಅಲ್ಲೇ ಬಿಟ್ಟು ಎದ್ದರು.

"ನನ್ನ ಮೊಮ್ಮಗಗ ವಿಕಲಾಂಗ ಅಂತ ಬರಸ್ತೀರೇನು? ಎರಡು ಕೈ, ಎರಡು ಕಾಲು ಬರೋಬರ್ ಅವ ಅವಗ."

"ಅವ್ವಾ, ಇಲ್ಲೇ ಉಳೀಬೇಕಂದ್ರ ಇದೊಂದ ದಾರಿ ಅದ," ಎಂದ ಗಿರಿಧರ. ಆ ಆದೇಶ ಅವನಿಗೆ ಮೊದಲೇ ಗೊತ್ತಿತ್ತು. ಕಚೇರಿಯಲ್ಲಿ ಮಗನ ವಿಷಯ ಎತ್ತಲು ಮನಸ್ಸಾಗದೆ ಸುಮ್ಮನಿದ್ದ. ಅದನ್ನೂ ಆಗಲೇ ಒಪ್ಪಿಕೊಂಡ. ಹೆಂಡತಿ ಅವನನ್ನು ಒಂದು ಸಲ ನೋಡಿದಳು, ಅಷ್ಟೆ. ಬೈಯಲು ಹೊತ್ತಿರಲಿಲ್ಲ.

"ದವಾಖಾನ್ಯಾಗ ಏನ ಮಾಡ್ತಾರ?" ಅಜ್ಜಿ ಕೇಳಿದರು.

"ಪರೀಕ್ಷಾ ಮಾಡ್ತಾರ."

ಎಡವಟ್ಟಾದದ್ದು ಅಲ್ಲಿ. ಇಂದುಮತಿಬಾಯಿಯವರ ಗಂಡ ಧಾರವಾಡದ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರರಾಗಿದ್ದವರು. ಗಿರಿಧರ ಇಲಾಖೆಯ ಪರೀಕ್ಷೆಗಳನ್ನು ಪಾಸು ಮಾಡಿಯೇ ಮೇಲೆ ಬಂದವನು. ಚಾರುಲತಾ ಎಂ.ಕಾಂ. ಪರೀಕ್ಷೆ ಎಂದರೆ ತಯಾರಿ ಮಾಡುವುದು ಎಂದೇ ಆ ಮನೆಗೆ ಗೊತ್ತಿದ್ದದ್ದು. ಪರೀಕ್ಷೆಯಲ್ಲಿ ಕಡಿಮೆ ಬೀಳಬೇಕು ಎಂಬುದು ಮೂವರ ತಲೆಗೂ ಹೋಗಲಿಲ್ಲ.

ಮರುದಿನದಿಂದಲೇ ತಯಾರಿ ಶುರುವಾಯಿತು. ಗಿರಿಧರ ಬಣ್ಣಗಳ ಹೆಸರು ಹೇಳಿಸಿದ. ಚಾರುಲತಾ ವಾರಗಳನ್ನು ರಾಗವಾಗಿ ಬಾಯಿಪಾಠ ಮಾಡಿಸಿದಳು. ಹುಡುಗನಿಗೆ ರಾಗ ಬೇಗ ಹಿಡಿಯುತ್ತಿತ್ತು. ಅಜ್ಜಿ ಅವನನ್ನು ಇತವಾರಿ ಪೇಟೆಗೆ ಕರೆದುಕೊಂಡು ಹೋಗಿ, ಪರೀಕ್ಷೆಗೆಂದು ದೊಡ್ಡ ಗುಂಡಿಯ ನೀಲಿ ಅಂಗಿ ಕೊಂಡು ತಂದರು. ಅಲ್ಲಿಂದ ಬಂದ ಸಂಜೆ ಅವರು ಯಾಕೋ ಬಹಳ ಹೊತ್ತು ದೇವರ ಮುಂದೆ ಕೂತಿದ್ದರು.

"ಇಷ್ಟ್ಯಾಕ ಪೂಜಾ ಅತ್ಯಾ ಇವತ್ತು?" ಎಂದಳು ಚಾರುಲತಾ.

"ಹುಡುಗನ ಪರೀಕ್ಷಾ ಅದ ಅಲ್ಲ," ಎಂದರು.

ಸರಕಾರಿ ದವಾಖಾನೆಯಲ್ಲಿ ಅವರ ಸರದಿ ಬಂದಾಗ ಮಧ್ಯಾಹ್ನವಾಗಿತ್ತು. ಮನಶ್ಶಾಸ್ತ್ರದ ಡಾಕ್ಟರು ತಲೆ ನರೆತ ಹೆಂಗಸು, ಮಾತು ನಿಧಾನ. ಹುಡುಗನಿಗೆ ಹಿಂದಿಯಲ್ಲಿ ಏನೋ ಕೇಳಿದರು. ಅವನು ಅವರ ಪೆನ್ನನ್ನೇ ನೋಡುತ್ತಿದ್ದ.

"ಹಿಂದಿ ನಹೀ ಸಮಝ್ತಾ ಜೀ," ಎಂದರು ಅಜ್ಜಿ. "ಹಮ್ ಬೋಲ್ತೇ."

ಹೀಗೆ ಇಂದುಮತಿಬಾಯಿ ದುಭಾಷಿಯಾದರು. ಅಂಥ ದುಭಾಷಿ ಇನ್ನಾರಿಗೂ ಸಿಗಲಿಕ್ಕಿಲ್ಲ. ಆಕಳು ಏನು ಕೊಡುತ್ತದೆ ಎಂದು ಡಾಕ್ಟರು ಕೇಳಿದರೆ, "ಶ್ರೀಶಾ, ಆಕಳು ಏನ ಕೊಡ್ತದ? ಮುಂಜಾನೆ ನೀ ಕುಡೀತೀಯಲ್ಲ, ಬೆಳ್ಳಗ ಇರ್ತದಲ್ಲ, ಹಾ... ಹಾ..." ಎನ್ನುತ್ತಿದ್ದರು. "ಹಾಲು," ಎನ್ನುತ್ತಿದ್ದ ಶ್ರೀಶ. "ದೂಧ್ ಬೋಲಾ ಜೀ!" ಎಂದು ಅಜ್ಜಿ ಹೆಮ್ಮೆಯಿಂದ ತಿರುಗುತ್ತಿದ್ದರು. ಡಾಕ್ಟರಿಗೆ ನಡುವಿನ ಕನ್ನಡ ಪುರಾಣ ತಿಳಿಯಲಿಲ್ಲ.

ಆಮೇಲೆ ಮನೆಯವರಿಗೇ ಪ್ರಶ್ನೆಗಳು ಬಂದವು. ತಾನೇ ಸ್ನಾನ ಮಾಡುತ್ತಾನಾ? ಮಾಡುತ್ತಾನೆ. ತಾನೇ ಊಟ ಮಾಡುತ್ತಾನಾ? ಮಾಡುತ್ತಾನೆ. ರಸ್ತೆ ದಾಟುತ್ತಾನಾ? "ಸಬ್ ಕರ್ತಾ ಜೀ." ಚಾರುಲತಾ ಪಕ್ಕದಲ್ಲೇ ಕೂತು ಹೌದು ಹೌದು ಎಂದು ಗೋಣು ಹಾಕಿದಳು. ಹೊರಗಿನವರ ಮುಂದೆ ಮಗನನ್ನು ಕಡಿಮೆ ಮಾಡಿ ಹೇಳಲು ನಾಲಿಗೆ ಏಳಲಿಲ್ಲ. ಬಟ್ಟೆ ಹಾಕಿಕೊಳ್ಳುತ್ತಾನಾ ಎಂದಾಗ ಶ್ರೀಶ ಅಜ್ಜಿಯ ಕಣ್ಸನ್ನೆಯ ಮೇಲೆ ನೀಲಿ ಅಂಗಿಯ ಮೇಲಿನ ಎರಡು ಗುಂಡಿ ಬಿಚ್ಚಿ ಹಾಕಿ ತೋರಿಸಿದ. ಡಾಕ್ಟರು ಶಾಬಾಸ್ ಎಂದರು.

ಫಲಿತಾಂಶ ಬಂತು. ಇಪ್ಪತ್ತೈದು ಪರ್ಸೆಂಟ್ ವಿಕಲತೆ.

"ನೂರಕ್ಕ ಇಪ್ಪತ್ತೈದ ಅಂತ!" ಇಂದುಮತಿಬಾಯಿ ಕೈ ಮುಗಿದರು. "ಮುಕ್ಕಾಲು ಪಾಲು ನಮ್ಮ ಹುಡುಗ ಬರೋಬರ್ ಇದ್ದಾನ ಅಂತ ಸರಕಾರನ ಬರದು ಕೊಟ್ಟಂಗಾತು."

ಸಂತ್ರಾ ಬರ್ಫಿ ತಂದರು. ನೆರೆಮನೆಗೆ ಕೊಟ್ಟರು. ಚಾರುಲತಾ ಒಂದು ಡಬ್ಬಿ ಹಿಡಿದು ನೇಹಾಳ ಬಳಿಗೆ ಹೋದಳು.

ನೇಹಾ ಬರ್ಫಿಯನ್ನು ಕೈಯಲ್ಲಿ ಹಿಡಿದೇ ಕೇಳಿದಳು, "ಎಷ್ಟು ಬಂತು?" ಹೇಳಿದ ಮೇಲೆ ಬರ್ಫಿ ಡಬ್ಬಿಗೆ ವಾಪಸು ಹೋಯಿತು.

"ದೀದೀ, ನಲವತ್ತಕ್ಕಿಂತ ಕಡಿಮೆ ಇದ್ದರೆ ವಿಮೆ ಇಲ್ಲ, ತೆರಿಗೆ ಇಲ್ಲ, ವರ್ಗಾವಣೆಯದೂ ಇಲ್ಲ. ನಾನು ಅವತ್ತೇ ಹೇಳಬೇಕಿತ್ತು. ಏನು ಕೇಳಿದರು, ನೀವೇನು ಹೇಳಿದಿರಿ?"

"ಸ್ನಾನ ಮಾಡ್ತಾನಾ ಅಂದರು. ಮಾಡ್ತಾನೆ ಅಂದೆವು."

"ಮಾಡುತ್ತಾನಾ?"

"ಅತ್ತೆ ನೀರು ಹದ ಮಾಡಿ ಕೊಡ್ತಾರೆ. ಸಾಬೂನು ನಾನು ಹಚ್ತೀನಿ. ಮೈ ಒರೆಸೋದು ನಾನೇ."

"ಅವನೇನು ಮಾಡುತ್ತಾನೆ?"

ಚಾರುಲತಾ ಯೋಚಿಸಿದಳು. "ನಿಂತಿರ್ತಾನೆ."

ನೇಹಾ ನಕ್ಕುಬಿಟ್ಟಳು. ಚಾರುಲತಾಳಿಗೂ ನಗು ಬಂತು, ನಗುತ್ತ ನಗುತ್ತ ಮುಖ ಸೆರಗಿನಲ್ಲಿ ಮುಚ್ಚಿಕೊಂಡಳು. ನೇಹಾ ನೀರು ಕೊಟ್ಟು, ಎದುರಿಗೇ ಕೂತು, ಮುಂದಿನ ದಾರಿ ಬಿಡಿಸಿ ಹೇಳಿದಳು. ಫಲಿತಾಂಶ ಒಪ್ಪಿಗೆಯಾಗದಿದ್ದರೆ ಮತ್ತೊಮ್ಮೆ ಪರೀಕ್ಷಿಸಿ ಎಂದು ಬರೆದು ಕೊಡಬಹುದು. ಅವಳದೇ ಒಂದು ವರ್ಷದ ವರದಿ ಲಗತ್ತಿಸಬಹುದು.

"ಒಂದು ಸುಳ್ಳನ್ನೂ ಹೇಳಬೇಡಿ," ಎಂದಳು. "ಹೆಚ್ಚೂ ಬೇಡ, ಕಡಿಮೆಯೂ ಬೇಡ. ನೀವಿಬ್ಬರೂ ಮನೆಯಲ್ಲಿ ಇಲ್ಲದಾಗ ಅವನು ಏನು ಮಾಡಬಲ್ಲ, ಅದನ್ನು ಹೇಳಿ."

ಆಮೇಲೆ ಬರ್ಫಿ ತಿಂದಳು.

ಮನೆಯಲ್ಲಿ ಎರಡು ದಿನ ಪಾತ್ರೆಗಳ ಸದ್ದು ಜೋರಾಗಿತ್ತು. "ಮನಿ ಮಾತು ಹೊರಗ ಹೇಳಬಾರದು ಅಂತ ನನಗ ಕಲಿಸ್ಯಾರ," ಎಂದರು ಇಂದುಮತಿಬಾಯಿ. "ಸುಳ್ಳೇನ ಹೇಳಲಿಲ್ಲ ನಾ. ಹಾಲು ಅಂತ ಅವನ ಅಂದ."

"ಹಾ ಅನ್ನೂತನ ನೀವ ಅಂದ್ರಿ, ಅತ್ಯಾ. ಅವಗ ಉಳದದ್ದು ಲು ಒಂದ."

ಗಿರಿಧರ ಫಕ್ಕನೆ ನಕ್ಕ. ಅಜ್ಜಿ ಅವತ್ತು ರಾತ್ರಿ ಅವನಿಗೆ ತುಪ್ಪ ಬಡಿಸಲಿಲ್ಲ.

ಎರಡನೆಯ ಸಲ ದವಾಖಾನೆಗೆ ತಾವು ಬರುವುದಿಲ್ಲ ಎಂದು ಅಜ್ಜಿ ಹೇಳಿದ್ದರು. ಆ ದಿನ ಬೆಳಿಗ್ಗೆ ಆಟೋ ಬಂದಾಗ ಎಲ್ಲರಿಗಿಂತ ಮೊದಲು ಒಳಗೆ ಕೂತಿದ್ದವರು ಅವರೇ.

ಅದೇ ಡಾಕ್ಟರು. ನೇಹಾಳ ವರದಿಯನ್ನು ಕೊನೆಯ ಸಾಲಿನ ತನಕ ಓದಿದರು. ಹಳೆಯ ಉತ್ತರಗಳಿಗಾಗಿ ಬೈಯುತ್ತಾರೆ ಎಂದು ಚಾರುಲತಾ ಅಂದುಕೊಂಡಿದ್ದಳು. ಅವರು ಬೈಯಲಿಲ್ಲ. ಹೋದ ಸಲ ಮನೆಯವರ ಮೂಲಕ ಪ್ರಶ್ನೆ ಕೇಳಿಸಿದ್ದು ತಮ್ಮದೇ ತಪ್ಪು ಎಂದರು. ಈ ಸಲ ಹುಡುಗನ ಜೊತೆ ಚಿತ್ರಗಳು, ಮರದ ತುಂಡುಗಳನ್ನು ಇಟ್ಟುಕೊಂಡು ತಾವೇ ಕೂತರು. ಅದು ಮುಗಿದ ಮೇಲೆ, "ಈಗ ನಿಮ್ಮ ಹತ್ತಿರ ಮಾತಾಡಬೇಕು. ಹುಡುಗನನ್ನು ಹೊರಗೆ ಸಿಸ್ಟರ್ ಹತ್ತಿರ ಕೂರಿಸೋಣವೇ?" ಎಂದು ಕೇಳಿದರು.

"ಬೇಡ ಮೇಡಂ. ಹೊಸ ಜಾಗ, ಹೆದರುತ್ತಾನೆ," ಎಂದಳು ಚಾರುಲತಾ. "ಇಲ್ಲೇ ಇರಲಿ. ಅವನಿಗೆ ಹಿಂದಿ ತಿಳಿಯುವುದಿಲ್ಲ."

ಶ್ರೀಶ ಮೂಲೆಯ ಸ್ಟೂಲಿನ ಮೇಲೆ ಕೂತು ನೀರಿನ ಬಾಟಲಿಯ ಮುಚ್ಚಳ ತಿರುಗಿಸತೊಡಗಿದ. ಚಾರುಲತಾ ಹಿಂದಿಯಲ್ಲಿ ಹೇಳತೊಡಗಿದಳು. ಸ್ನಾನ ಬರುವುದಿಲ್ಲ. ಬಿಸಿನೀರು ತಣ್ಣೀರು ತಿಳಿಯುವುದಿಲ್ಲ, ಒಮ್ಮೆ ಕಾಲು ಸುಟ್ಟುಕೊಂಡಿದ್ದಾನೆ. ಊಟ ಕಲಸಿ ಕೊಡಬೇಕು. ಚಪ್ಪಲಿ ಎಡ ಬಲ ಗೊತ್ತಾಗುವುದಿಲ್ಲ. ಗುಂಡಿ?

ಅವಳು ತಡೆದಳು. ಮೇಲಿನ ಎರಡು ಹಾಕುತ್ತಾನೆ, ಅದೂ ದಿನಾ ಅಲ್ಲ. ಉಳಿದ ಗುಂಡಿ ಬರುವುದಿಲ್ಲ. "ಶ್ರೀಶ ಕೋ ನಹೀ ಆತಾ," ಎಂದಳು. ಹೇಳುತ್ತ ಹೇಳುತ್ತ ಆ ವಾಕ್ಯ ಅವಳ ನಾಲಿಗೆಗೆ ಸಲೀಸಾಯಿತು. ದುಡ್ಡು ಗುರುತಿಸಲು? ಶ್ರೀಶ ಕೋ ನಹೀ ಆತಾ. ಗಡಿಯಾರ? ನಹೀ ಆತಾ. ಇಷ್ಟು ವರ್ಷ ಒಳಗೇ ಕಟ್ಟಿಟ್ಟಿದ್ದ ಗಂಟು ಬಿಚ್ಚಿದಂತೆ ಅವಳಿಗೆ ಹಗುರವೂ ಆಗುತ್ತಿತ್ತು.

"ಒಬ್ಬನೇ ಹೊರಗೆ ಹೋದರೆ ಮನೆಗೆ ಬರುತ್ತಾನಾ?"

"ಗೊತ್ತಿಲ್ಲ ಮೇಡಂ. ಹಾಗೆ ಬಿಟ್ಟೇ ಇಲ್ಲ."

"ಬರೂದಿಲ್ಲ," ಎಂದರು ಇಂದುಮತಿಬಾಯಿ. ಅಲ್ಲಿಯವರೆಗೆ ಅವರು ಗೋಡೆ ನೋಡುತ್ತ ಕೂತಿದ್ದರು. ಮುರುಕು ಹಿಂದಿಯಲ್ಲಿ, ಸೊಸೆಯ ಕಡೆ ತಿರುಗದೆ ಹೇಳಿದರು. ಇತವಾರಿಗೆ ಅಂಗಿ ತರಲು ಹೋದ ದಿನ ತಾವು ಬಟ್ಟೆ ಮುಟ್ಟಿ ನೋಡುತ್ತಿದ್ದಾಗ ಹುಡುಗ ಒಂದು ಕೈಗಾಡಿಯ ಹಿಂದೆ ನಡೆದು ಹೋಗಿದ್ದ. ಟೆಂಪೋಗಳ ನಡುವೆ ತಾವು ಕೂಗುತ್ತ ಓಡಾಡಿದರು. ಎರಡು ಗಲ್ಲಿಯಾಚೆ ಗಾಡಿಯವನು ಅವನನ್ನು ಅಕ್ಕಿಮೂಟೆಯ ಮೇಲೆ ಕೂರಿಸಿಕೊಂಡು ಹೆಸರು ಕೇಳುತ್ತಿದ್ದ. ಹುಡುಗ ಹೆಸರು ಹೇಳಿರಲಿಲ್ಲ. ಅಪ್ಪನ ಹೆಸರೂ ಹೇಳಿರಲಿಲ್ಲ. ಅಳುತ್ತಲೂ ಇರಲಿಲ್ಲ. ಗಾಡಿಯವನಿಗೆ ಕೈ ಮುಗಿದು ಕರೆದುಕೊಂಡು ಬಂದೆ, ಮನೆಯಲ್ಲಿ ಹೇಳಲಿಲ್ಲ, ಎಂದರು.

ಚಾರುಲತಾ ಅತ್ತೆಯ ಕೈ ಹಿಡಿದಳು. ಹೊಡೆಯಬೇಕೆನ್ನಿಸಿತ್ತು, ಕೈ ಹಿಡಿದಳು. ಆ ಮುದುಕಿ ಅದನ್ನು ಇಲ್ಲಿ ಹೇಳದೆಯೂ ಇರಬಹುದಿತ್ತು, ಆದರೂ ಹೇಳಿದ್ದಳು.

ಡಾಕ್ಟರು ಬರೆದುಕೊಂಡರು. "ಅಮ್ಮಾಜೀ, ಇದನ್ನು ಹೇಳಿದ್ದು ಬಹಳ ಒಳ್ಳೆಯದಾಯಿತು," ಎಂದರು.

ಮರುದಿನ ಬೆಳಿಗ್ಗೆ ಚಾರುಲತಾ ಅಂಗಿ ಕೊಟ್ಟು ಒಲೆಯ ಕಡೆ ಹೋದಳು. ತಿರುಗಿ ಬಂದಾಗ ಶ್ರೀಶ ಅಂಗಿಯನ್ನು ಹೆಗಲ ಮೇಲೆ ಹಾಕಿಕೊಂಡು, ಎದೆ ತೆರೆದು, ಎರಡೂ ಕೈ ಇಳಿಬಿಟ್ಟು ನಿಂತಿದ್ದ.

"ಮ್ಯಾಲಿನ ಎರಡು ಹಾಕ್ಕೊ ರಾಜಾ."

ಅವನು ಅವಳನ್ನು ನೋಡಿದ. "ಶ್ರೀಶ ಕೋ ನಹೀ ಆತಾ," ಎಂದ.

ಅವಳದೇ ರಾಗ, ಅವಳದೇ ಏರಿಳಿತ. ಅವನು ಹಿಂದಿಯಲ್ಲಿ ಆಡಿದ ಮೊದಲ ಮಾತು ಅದು. ಅದರಲ್ಲಿ ಸಿಟ್ಟಿರಲಿಲ್ಲ, ದುಃಖವೂ ಇರಲಿಲ್ಲ. ಅಮ್ಮ ಡಾಕ್ಟರಿಗೆ ಹೇಳಿದ್ದಾಳೆ, ಹಾಗಾದರೆ ಅದು ನಿಜವಿರಬೇಕು, ಅಷ್ಟೆ. ಕೆಳಗೆ ಹಾರ್ನ್ ಹೊಡೆಯಿತು. ಚಾರುಲತಾ ಕೂತು ಒಂದೊಂದೇ ಗುಂಡಿ ಹಾಕಿದಳು. ಊಟದ ತಟ್ಟೆಯ ಮುಂದೆ ಇಷ್ಟು ವರ್ಷ ಆಡಿದ ಹಿಂದಿಯೆಲ್ಲ ಅವಳಿಗೆ ಒಮ್ಮೆಲೇ ನೆನಪಾಯಿತು.

ಅಂದು ಸಂಜೆ ವಿಷಯ ತಿಳಿದ ಇಂದುಮತಿಬಾಯಿ ಮೊಮ್ಮಗನನ್ನು ಹತ್ತಿರ ಕೂರಿಸಿಕೊಂಡರು. ಆಮೇಲೆ, "ಇವತ್ತಿಂದ ಈ ಮನ್ಯಾಗ ಹಿಂದಿ ಬಂದ್," ಎಂದರು. "ಹೇಳೂದಿದ್ರ ಅವನ ಮುಂದ ಕನ್ನಡದಾಗ ಹೇಳ್ರಿ. ಹೇಳಲಿಕ್ಕೆ ನಾಚಿಕಿ ಬಂದ್ರ ಹೇಳಬ್ಯಾಡ್ರಿ."

ಫಲಿತಾಂಶ ಹೋಳಿಯ ನಂತರ ಬಂತು. ಐವತ್ತು ಪರ್ಸೆಂಟ್. ಈ ಸಲ ಯಾರೂ ಬರ್ಫಿ ತರಲಿಲ್ಲ, ಆದರೆ ಗಿರಿಧರ ಅದೇ ದಿನ ಅರ್ಜಿ ಬರೆದು, ಸರ್ಟಿಫಿಕೇಟಿನ ಪ್ರತಿ ಲಗತ್ತಿಸಿ ಮೇಲಧಿಕಾರಿಯ ಮೇಜಿನ ಮೇಲಿಟ್ಟ. ಮೇಲಧಿಕಾರಿ ಓದಿ, ಮೊದಲೇ ಯಾಕೆ ಕೊಡಲಿಲ್ಲ ಎಂದಷ್ಟೇ ಕೇಳಿದರಂತೆ. ಮೇ ತಿಂಗಳಲ್ಲಿ, ಡಾಂಬರು ಚಪ್ಪಲಿಗೆ ಅಂಟುವ ಬಿಸಿಲಿನಲ್ಲಿ, ವರ್ಗಾವಣೆಯ ಆದೇಶ ಹೊರಬಿತ್ತು. ಅದರಲ್ಲಿ ಅವನ ಹೆಸರಿರಲಿಲ್ಲ.

ಚಾರುಲತಾ ಆ ಸುದ್ದಿಯನ್ನು ಮೊದಲು ಹೇಳಿದ್ದು ನೇಹಾಳಿಗೆ. ಮೆಟ್ಟಿಲು ಹತ್ತಿ ಹೋಗಿ, ಏದುಸಿರು ಬಿಡುತ್ತ, "ಇಲ್ಲೇ ಇರ್ತೀವಿ," ಎಂದಳು. ಥ್ಯಾಂಕ್ಸ್ ಎನ್ನಲು ಹೋಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನೇಹಾ, "ದೀದೀ, ನಿರಾಮಯದ ಅರ್ಜಿ ಬಾಕಿ ಇದೆ, ಅಳುವುದು ಆಮೇಲೆ," ಎಂದು ಕುರ್ಚಿ ಎಳೆದಳು. ಆ ಡಾಕ್ಟರ ಹೆಸರನ್ನೂ ಇತವಾರಿಯ ಕೈಗಾಡಿಯವನ ಹೆಸರನ್ನೂ ಕೇಳಿಟ್ಟುಕೊಳ್ಳಲಿಲ್ಲವಲ್ಲ ಎಂದು ಚಾರುಲತಾಳಿಗೆ ಆಗಾಗ ಅನ್ನಿಸುತ್ತಿತ್ತು. ಅಜ್ಜಿ ಮಾತ್ರ ಪ್ರತಿ ಸಂಜೆ ದೀಪ ಹಚ್ಚುವಾಗ "ಆ ಗಾಡಿಯಂವ, ಆ ಡಾಕ್ಟರ್ ಬಾಯಿ" ಎಂದು ಹೆಸರಿಲ್ಲದೆಯೇ ಇಬ್ಬರನ್ನೂ ನೆನೆಯುತ್ತಿದ್ದರು.

ಕಾರ್ಡು ಅಂಚೆಯಲ್ಲಿ ಬಂತು. ಇಂದುಮತಿಬಾಯಿ ಕನ್ನಡಕ ಹಾಕಿಕೊಂಡು ಎರಡೂ ಬದಿ ನೋಡಿದರು. "ಫೋಟೋ ಛಲೋ ಬಂದದ. ನೀಲಿ ಅಂಗಿ." ದಸರೆಗೆ ಹುಬ್ಬಳ್ಳಿಗೆ ಹೋಗುವ ಮುಂಚೆ ರಿಯಾಯಿತಿಗೆಂದು ರೈಲ್ವೆಯವರು ಕೊಡುವ ಬೇರೆ ಚೀಟಿಯೂ ಆಯಿತು. ಜೊತೆಗೆ ಹೋಗುವವರು ಯಾರು ಎಂದು ಗಿರಿಧರ ಕೇಳಿದರೆ, "ನಾನ ಅವನ ಎಸ್ಕಾರ್ಟು," ಎಂದು ಅಜ್ಜಿ ಎದ್ದು ನಿಂತರು. "ಮಂತ್ರಿಗೋಳಿಗೆ ಇರ್ತಾರಲ್ಲ, ಹಂಗ." ಇತವಾರಿಯ ಆ ದಿನದ ನಂತರ ಅವರು ಹುಡುಗನ ಮುಂಗೈ ಬಿಟ್ಟು ರಸ್ತೆಗೆ ಇಳಿದದ್ದಿಲ್ಲ. ಅವನ ಕುತ್ತಿಗೆಗೆ ಹೆಸರು, ಅಪ್ಪನ ಫೋನು ಬರೆದ ಚೀಟಿ ಹಾಕಿದವರೂ ಅವರೇ.

ದವಾಖಾನೆಗೆ ಹೋಗಿ ಬಂದಂದಿನಿಂದ ಗುಂಡಿ ಮುಟ್ಟದಿದ್ದ ಶ್ರೀಶನನ್ನು ನೇಹಾ ಮತ್ತೆ ಮರದ ಚೌಕಟ್ಟಿನ ಮುಂದೆ, ಬಿಲ್ಲೆಯಷ್ಟು ದೊಡ್ಡ ಗುಂಡಿಯ ಮುಂದೆ ಕೂರಿಸಿದಳು. ಅವನು ಕೈ ಇಳಿಬಿಟ್ಟು ಅವಳನ್ನೇ ನೋಡಿದ. "ಆಯೇಗಾ," ಎಂದಳು ಅವಳು, ದಿನಾ, ಒಂದೇ ರಾಗದಲ್ಲಿ. ಚಾರುಲತಾ ಪಕ್ಕದಲ್ಲಿ ಕೂತು, "ಬರ್ತದ," ಎಂದು ಕನ್ನಡದಲ್ಲಿ ಅದನ್ನೇ ಅಂದಳು. ಎಷ್ಟು ದಿನ ಹಿಡಿಯುತ್ತದೆ ಎಂದು ಕೇಳಲಿಲ್ಲ. ಈಗ ಹೊತ್ತು ಇತ್ತು, ಊರು ಇದೇ ಇತ್ತು, ಮೇಡಂ ಇವಳೇ ಇದ್ದಳು.

ಅಷ್ಟೆಲ್ಲ ಸಿಕ್ಕ ವರ್ಷ ಅದು. ಹೋದದ್ದು ಎರಡು ಗುಂಡಿ.